ಸಕ್ಕರೆ ಮುಗಿದ ಮೇಲಿನ ರುಚಿ

ಕಳೆದ ತಿಂಗಳು ಶಿರಸಿಯ ಒಂದು ಸಭಾಭವನದಲ್ಲಿ ಅವರ ಶ್ರದ್ಧಾಂಜಲಿ ಸಭೆ ನಡೆಯಿತು. ಮಾತಾಡಿದವರೆಲ್ಲ ಒಬ್ಬರಾದ ಮೇಲೆ ಒಬ್ಬರು ಅವರನ್ನು ಸೌಮ್ಯ ಸ್ವಭಾವದವರು, ಮೃದುಭಾಷಿ, ಯಾರ ಮನಸ್ಸನ್ನೂ ನೋಯಿಸದವರು ಎಂದು ಹೊಗಳಿದರು. ನಾನು ಎರಡನೇ ಸಾಲಿನಲ್ಲಿ ಹಲ್ಲು ಕಚ್ಚಿಕೊಂಡು ಕುಳಿತಿದ್ದೆ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ವರ್ಷಾನುಗಟ್ಟಲೆ ಅವರ ಪಕ್ಕದ ಕುರ್ಚಿಯಲ್ಲಿ ಕುಳಿತವಳು ನಾನು, ಆಮೇಲೆ ಶಿರಸಿ ಹತ್ತಿರದ ಇಸಳೂರಿನಲ್ಲಿ ಅವರ ಪಕ್ಕದ ಮನೆಯಲ್ಲಿ ಇದ್ದವಳೂ ನಾನೇ. ಮೃದುಭಾಷಿಯಂತೆ! ಆ ಸಭೆಯಲ್ಲಿ ಕುಳಿತಿದ್ದವರಲ್ಲಿ ಅರ್ಧ ಜನರನ್ನು ಅವರು ಒಂದಲ್ಲ ಒಂದು ದಿನ ಮುಖಕ್ಕೆ ಹೊಡೆದ ಹಾಗೆ ಬೈದಿದ್ದರು. ಬೈಸಿಕೊಂಡವರಿಗೆ ಬೈಸಿಕೊಳ್ಳುವ ಯೋಗ್ಯತೆಯೂ ಇತ್ತು.

ಅವರ ಹೆಸರು ಬರೆಯುವುದಿಲ್ಲ. ಆ ಹೆಸರನ್ನು ಈಗ ಒಬ್ಬರು ಎಲ್ಲಿ ಅಂಟಿಸಲು ಹೊರಟಿದ್ದಾರೆ ಎಂಬುದನ್ನು ಮುಂದೆ ಹೇಳುತ್ತೇನೆ, ಆಗ ನನ್ನ ಕಾರಣ ತಿಳಿಯುತ್ತದೆ. ಕಾಲೇಜಿನಲ್ಲಿ ನಾವೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು. ಮೇಡಂಗಳು ಹಲವರಿದ್ದರೂ ಬರೀ ಮೇಡಂ ಎಂದರೆ ಅವರೇ. ಅವರು ರಸಾಯನಶಾಸ್ತ್ರ, ನಾನು ಕನ್ನಡ. ಅವರ ಊರು ಬನವಾಸಿಯ ಕಡೆ. ಕೊರಳಲ್ಲಿ ಲಿಂಗ ಕಟ್ಟಿದ ಒಕ್ಕಲು ಮನೆತನ, ಮನೆಯ ಸುತ್ತ ಅನಾನಸಿನ ಹೊಲ. ಶಿರಸಿಯಲ್ಲಿ ಎಷ್ಟು ವರ್ಷವಿದ್ದರೂ ಮಾತು ಮಾತ್ರ ತಮ್ಮ ಊರಿನದೇ. ನಮ್ಮ ಮೆಲುದನಿಯ ಊರಿನಲ್ಲಿ ಅವರು ಸುಮ್ಮನೆ ಮಾತಾಡಿದರೂ ಜಗಳ ಮಾಡುತ್ತಿದ್ದಾರೆ ಅನಿಸುತ್ತಿತ್ತು. ಹಲವು ಸಲ ಅವರು ನಿಜವಾಗಿಯೂ ಜಗಳವನ್ನೇ ಮಾಡುತ್ತಿರುತ್ತಿದ್ದರು.

ತರಗತಿಗೆ ಹೋದ ಕೂಡಲೇ ಹೊಸ ಸೀಮೆಸುಣ್ಣವನ್ನು ಲಟಕ್ಕನೆ ಎರಡು ತುಂಡು ಮಾಡುವುದು ಅವರ ಅಭ್ಯಾಸ. ಒಂದು ಬರೆಯಲಿಕ್ಕೆ, ಇನ್ನೊಂದು ಎಸೆಯಲಿಕ್ಕೆ. ಉತ್ತರ ಗೊತ್ತಿಲ್ಲದೆ ಬಾಯಿಗೆ ಬಂದದ್ದು ಹೇಳಿದ ಹುಡುಗರ ಮೇಲೆ ಅವರು ಯಾವತ್ತೂ ಸಿಟ್ಟಾಗಲಿಲ್ಲ. ಪ್ರಯೋಗ ಮಾಡದೆಯೇ ಪಕ್ಕದವನ ಅಂಕಿ ನೋಡಿ ಬರೆದವನು ಸಿಕ್ಕರೆ ಮಾತ್ರ ಎರಡನೇ ತುಂಡು ಹಾರುತ್ತಿತ್ತು. "ತಪ್ಪ ಹೇಳು, ಸುಳ್ಳ ಹೇಳಬ್ಯಾಡ. ತಪ್ಪನ್ನ ನಾ ತಿದ್ದತೀನಿ. ಸುಳ್ಳನ್ನ ಯಾರ್ ತಿದ್ದಬೇಕು?" ಎಂದು ಅವರು ಕೂಗುವುದು ನನ್ನ ಕನ್ನಡ ತರಗತಿಯವರೆಗೂ ಕೇಳುತ್ತಿತ್ತು. ಆಗ ನಾನು ಪಾಠ ನಿಲ್ಲಿಸಿ ಕಾಯಬೇಕಾಗುತ್ತಿತ್ತು.

ಹುದುಗುವಿಕೆಯ ಪಾಠಕ್ಕಾಗಿ ಅವರು ಪ್ರಯೋಗಾಲಯದ ಕಿಟಕಿಯಲ್ಲಿ ಒಂದು ದೊಡ್ಡ ಗಾಜಿನ ಜಾಡಿ ಇಡುತ್ತಿದ್ದರು. ಅದರಲ್ಲಿ ಅನಾನಸಿನ ರಸ, ಯೀಸ್ಟು. ಮುಚ್ಚಳಕ್ಕೆ ಸಿಕ್ಕಿಸಿದ ನಳಿಗೆಯ ತುದಿ ನೀರಿನ ಲೋಟದಲ್ಲಿ ಮುಳುಗಿರುತ್ತಿತ್ತು, ಗುಳುಗುಳು ಎಂದು ಗುಳ್ಳೆ ಬರುತ್ತಿತ್ತು. ಪಾಲಕರೊಬ್ಬರು ನೋಡಿ, ಕಾಲೇಜಿನಲ್ಲಿ ಸಾರಾಯಿ ಕಾಯಿಸುತ್ತಾರೆ ಎಂದು ದೂರು ಕೊಟ್ಟರು. ಪ್ರಿನ್ಸಿಪಾಲರು ಹೆದರಿ ಜಾಡಿ ತೆಗೆಯಿರಿ ಎಂದರು. ಮೇಡಂ ತೆಗೆಯಲಿಲ್ಲ. ದಪ್ಪ ಅಕ್ಷರದಲ್ಲಿ "ಇದು ಪರೀಕ್ಷೆಗೆ ಬರುತ್ತದೆ" ಎಂದು ಬರೆದು ಜಾಡಿಗೆ ಅಂಟಿಸಿದರು. ಆಮೇಲೆ ದೂರು ಕೊಟ್ಟ ಪಾಲಕರೇ ಮಗಳಿಗೆ ಆ ಪಾಠ ಸರಿಯಾಗಿ ಹೇಳಿಕೊಡಿ ಎಂದು ಬಂದರು.

ವೈನಿನ ಹುಚ್ಚು ಶುರುವಾದದ್ದು ಆ ಜಾಡಿಯಿಂದಲೇ. ನಿವೃತ್ತಿಗೆ ಮುಂಚೆಯೇ ಅವರು ಮನೆಯ ಹಿಂದಿನ ಕೋಣೆಯಲ್ಲಿ ಸಾಲಾಗಿ ಜಾಡಿ ಇಟ್ಟುಕೊಂಡಿದ್ದರು. ಹಣ್ಣು ತಮ್ಮನ ಹೊಲದ್ದು. ಒಂದು ಭಾನುವಾರ ಬೇಲಿಯ ಮೇಲಿಂದ ನನ್ನನ್ನು ಕರೆದರು. ನಮ್ಮ ಮನೆಯಲ್ಲಿ ಕಷಾಯಕ್ಕಿಂತ ಹೆಚ್ಚಿನ ಅಮಲು ಯಾವುದೂ ಇರಲಿಲ್ಲ, ನಾನು ಅಳುಕುತ್ತಲೇ ಹೋದೆ. ಸಣ್ಣ ಲೋಟದಲ್ಲಿ ತಿಳಿಯಾದ ಹಳದಿ ವೈನು ಕೊಟ್ಟು, "ಮೂಗು ಗಟ್ಟಿ ಹಿಡ್ಕೊಂಡು ಕುಡೀರಿ" ಎಂದರು. ಕುಡಿದೆ. ಸಿಹಿಯ ಸುಳಿವೂ ಇಲ್ಲ. "ಈಗ ಮೂಗು ಬಿಡ್ರಿ" ಎಂದರು. ಬಿಟ್ಟೆ, ಬಾಯಿ ತುಂಬ ಹಣ್ಣಾದ ಅನಾನಸು. ಸಿಹಿ ಬಂತು ಎಂದೆ.

"ಬಂದಿಲ್ಲ. ಇದ್ರಾಗ ಸಕ್ಕರಿ ಒಂದು ಕಾಳೂ ಇಲ್ಲ. ನಿಮ್ಮ ಮೂಗು ಹಣ್ಣಿನ ವಾಸನಿ ಹಿಡದು ನಾಲಿಗಿಗೆ ಚಾಡಿ ಹೇಳಾಕತ್ತೈತಿ," ಎಂದು ನಕ್ಕರು. ಅವರು ನಕ್ಕದ್ದು ಅಪರೂಪ, ಆದ್ದರಿಂದ ನೆನಪಿದೆ.

ಆ ದಿನ ಅವರು ಹೇಳಿದ ಪಾಠ ನನಗೆ ಈಗಲೂ ಬಾಯಿಪಾಠ. ಯೀಸ್ಟು ರಸದಲ್ಲಿನ ಸಕ್ಕರೆಯನ್ನು ತಿನ್ನುತ್ತದೆ, ತಿಂದು ಮದ್ಯಸಾರವನ್ನೂ ಗಾಳಿಯನ್ನೂ ಬಿಡುತ್ತದೆ. ಎಲ್ಲ ಸಕ್ಕರೆಯನ್ನೂ ತಿಂದು ಮುಗಿಸಿದರೆ ಅದು ಡ್ರೈ ವೈನು. ಸ್ವಲ್ಪ ಉಳಿದಿರುವಾಗಲೇ ತಣ್ಣಗೆ ಮಾಡಿ ಕೆಲಸ ನಿಲ್ಲಿಸಿ, ಯೀಸ್ಟನ್ನು ಪೂರ್ತಿ ಸೋಸಿ ತೆಗೆದರೆ ಸ್ವೀಟ್ ವೈನು. ಇಲ್ಲವೆ ಡ್ರೈ ಮಾಡಿಯೇ ಸೋಸಿ, ಆಮೇಲೆ ಅಳತೆಯಿಂದ ಸಿಹಿ ಸೇರಿಸಬೇಕು. ಒಂದು ಮೇಲು ಇನ್ನೊಂದು ಕೀಳು ಎಂದು ಅವರು ಯಾವತ್ತೂ ಹೇಳಲಿಲ್ಲ. ಸಿಹಿ ವೈನಿಗೆ ಅದರ ಸಿಹಿಯನ್ನು ಎತ್ತಿ ನಿಲ್ಲಿಸುವಷ್ಟು ಹುಳಿ ಬೇಕು, ಇಲ್ಲದಿದ್ದರೆ ಅದು ಪಾಕ ಎನ್ನುತ್ತಿದ್ದರು. ಡ್ರೈ ವೈನು ಊಟದ ಜೊತೆ, ಅದರಲ್ಲೂ ಮೀನಿನ ಜೊತೆ ಚೆಂದ ಎನ್ನುತ್ತಿದ್ದರು. ಮೀನನ್ನು ಅವರು ಹುಟ್ಟಿದಾಗಿನಿಂದ ಬಾಯಿಗೆ ಹಾಕಿರಲಿಲ್ಲ. ನಿಮಗೆ ಹೇಗೆ ಗೊತ್ತು ಎಂದು ಕೇಳಿದರೆ, "ಸೂರ್ಯನ ಬಿಸಿ ಎಷ್ಟು ಅಂತ ಮುಟ್ಟಿ ನೋಡಿ ಹೇಳ್ಯಾರೇನು?" ಎಂದು ನನ್ನ ಬಾಯಿ ಮುಚ್ಚಿಸಿದರು.

ಡ್ರೈ ಎನ್ನುವುದಕ್ಕೆ ಕನ್ನಡದಲ್ಲಿ ಏನು ಎಂದು ಕೇಳಿದ್ದೂ ಆಗಲೇ. ಒಣ ವೈನು ಎಂದೆ. "ಒಣಾ ಅಂದ್ರ ಮೆಣಸಿನಕಾಯಿ ನೆನಪಾಗತೈತಿ, ಬ್ಯಾರೆ ಹೇಳ್ರಿ. ಇಷ್ಟ್ ವರ್ಷ ಕನ್ನಡ ಕಲಿಸೀರಿ, ಒಂದ್ ಶಬ್ದ ಹುಟ್ಟಿಸಾಕ ಆಗಂಗಿಲ್ಲೇನು?" ಎಂದು ನನಗೇ ಬೈದರು. ನಾನು ನಾಲ್ಕಾರು ಶಬ್ದ ಹೇಳಿದೆ, ಎಲ್ಲವನ್ನೂ ತಳ್ಳಿಹಾಕಿದರು. ಕೊನೆಗೆ ಅವರೇ "ಸಕ್ಕರಿ ಮುಗಿದ ವೈನು" ಎಂದು ಇಟ್ಟುಕೊಂಡರು.

ಜನ ಅದನ್ನು ಹುಳಿ ಎಂದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಲಿಂಬೆ ಹಿಂಡಿದ ನೀರು ಒಂದು ಲೋಟ, ಹಾಲು ಹಾಕದ ಕಡು ಚಹಾ ಒಂದು ಲೋಟ, ತಮ್ಮ ವೈನು ಒಂದು ಲೋಟ ಇಟ್ಟು, ಬಂದವರಿಗೆ ಮೂರನ್ನೂ ಕುಡಿಸುತ್ತಿದ್ದರು. "ಇದು ಹುಳಿ. ಇದು ಒಗರು. ಇದು ಸಿಹಿ ಇಲ್ಲದ್ದು. ಮೂರೂ ಬ್ಯಾರೆ ಬ್ಯಾರೆ." ಕುಡಿದವರು ತಲೆ ಅಲ್ಲಾಡಿಸಿ, ಹೊರಗೆ ಬಂದು ನನ್ನ ಹತ್ತಿರ "ಎಂತದೇ ಇರ್ಲಿ, ಹುಳಿ ಇದ್ದು" ಎಂದು ಹೋಗುತ್ತಿದ್ದರು. ಸ್ವೀಟ್ ವೈನು ಹೆಂಗಸರಿಗೆ, ಅದರಲ್ಲಿ ಏರುವುದಿಲ್ಲ ಎನ್ನುವವರೂ ಇದ್ದರು. ಸಿಹಿ ಅಮಲನ್ನು ಮುಚ್ಚಿಡುತ್ತದೆ, ಕಡಿಮೆ ಮಾಡುವುದಿಲ್ಲ ಎಂದು ಅವರು ಹೇಳಿ ಹೇಳಿ ಸುಸ್ತಾದರು.

ಅವರ ಜೊತೆ ಬಾಳುವೆ ಸುಲಭವಿರಲಿಲ್ಲ ಎಂಬುದನ್ನೂ ಹೇಳಬೇಕು. ಒಮ್ಮೆ ಮನೆಯಲ್ಲಿ ತೊಡೆದೇವು ಮಾಡಿ ಬಿಸಿಬಿಸಿ ಒಯ್ದು ಕೊಟ್ಟೆ. ಒಂದು ಚೂರು ಮುರಿದು ಬಾಯಿಗೆ ಹಾಕಿ, "ಇದ್ರಾಗ ಬೆಲ್ಲ ಒಂದೇ ಮಾತಾಡತೈತ್ರಿ, ಬ್ಯಾರೆ ಯಾರಿಗೂ ಬಾಯಿ ತೆಗಿಯಾಕ ಬಿಟ್ಟಿಲ್ಲ," ಎಂದರು. ಗಡಿಗೆಯ ಮೇಲೆ ಹಾಳೆಯಂತೆ ತೆಳ್ಳಗೆ ಎಳೆದು ಎಬ್ಬಿಸುವ ತೊಡೆದೇವಿಗೆ ಎಷ್ಟು ಕಷ್ಟವಿದೆ ಎಂದು ಆಕೆಗೆ ಏನು ಗೊತ್ತು! ನಾನು ಬಹಳ ದಿನ ಮಾತು ಬಿಟ್ಟೆ. ಅವರಿಗೆ ನಾನು ಮಾತು ಬಿಟ್ಟದ್ದೇ ತಿಳಿಯಲಿಲ್ಲ. ತಿಳಿದ ಮೇಲೆ ಬೇಲಿಯ ಹತ್ತಿರ ಬಂದು, "ರುಚಿ ಕೇಳಿದ್ರಿ, ರುಚಿ ಹೇಳೀನಿ. ನಿಮಗ ಬೈದಿಲ್ಲ," ಎಂದರು. ನಾನು ರುಚಿಯನ್ನೂ ಕೇಳಿರಲಿಲ್ಲ.

ಇನ್ನೊಂದು ಮಾತು. ಈ ಊರಿನಲ್ಲಿ ಅವರನ್ನು ಹಿಂದಿನಿಂದ ಕುಡುಕಿ ಎಂದವರಿಗೆಲ್ಲ ಈ ಮಾತು. ಇಷ್ಟು ವರ್ಷಗಳಲ್ಲಿ ಅವರು ಒಂದು ಗುಟುಕು ವೈನನ್ನು ನುಂಗಿದ್ದನ್ನು ನಾನು ನೋಡಲಿಲ್ಲ. ಬಾಯಲ್ಲಿ ಆಡಿಸುತ್ತಿದ್ದರು, ಕಣ್ಣು ಮುಚ್ಚುತ್ತಿದ್ದರು, ಮೋರಿಗೆ ಉಗಿದು ನೀರಿನಲ್ಲಿ ಬಾಯಿ ತೊಳೆಯುತ್ತಿದ್ದರು. ಲಿಂಗ ಕಟ್ಟಿದ ಕೊರಳು, ಅದರೊಳಗೆ ಇಳಿಸುವುದಿಲ್ಲ ಎಂದು ತಂದೆಗೆ ಮಾತು ಕೊಟ್ಟಿದ್ದರಂತೆ. ಕುಡಿದು ಗಟಾರದಲ್ಲಿ ಬಿದ್ದ ಗಂಡಂದಿರನ್ನು ಎಬ್ಬಿಸಿ ಮನೆಗೆ ಒಯ್ಯುವ ಊರು ಇದು. ಈ ಊರು ಅವರನ್ನು ಕುಡುಕಿ ಎಂದಿತು.

ಈಗ ಸಿರಪ್ಪು ಭಾವನ ವಿಷಯಕ್ಕೆ ಬರುತ್ತೇನೆ. ಆತ ನನ್ನ ಗಂಡನ ಕಡೆಯಿಂದ ದೂರದ ಸಂಬಂಧ, ಹುಲೇಕಲ್ ಕಡೆಯವನು. ಅವರ ಮನೆಯ ಮುರುಗಲು ಸಿರಪ್ಪು ಅಜ್ಜನ ಕಾಲದಿಂದ ಹೆಸರುವಾಸಿ. ಮುರುಗಲು ಎಂಬ ಹುಳಿಹಣ್ಣಿನ ಸಿಪ್ಪೆಗೆ ಸಕ್ಕರೆ ಹೇರಿ ಜಾಡಿಯಲ್ಲಿಟ್ಟರೆ ಕೆಂಪು ರಸ ಬಿಟ್ಟುಕೊಳ್ಳುತ್ತದೆ, ಮುಂದಿನ ಬೇಸಿಗೆಯವರೆಗೂ ಹಾಳಾಗುವುದಿಲ್ಲ. ಆ ಮನೆಯವರಿಗೆ ಜಗತ್ತಿನಲ್ಲಿ ಗೊತ್ತಿದ್ದದ್ದು ಒಂದೇ ವಿದ್ಯೆ, ಸಕ್ಕರೆ ಹಾಕಿದರೆ ಕೆಡುವುದಿಲ್ಲ. ಭಾವ ಹಣ್ಣಿನ ವೈನಿನ ಪರವಾನಗಿ ತೆಗೆದು ಸಣ್ಣ ಘಟಕ ಹಾಕಿದ. ಮೇಡಂ ನಿವೃತ್ತರಾದದ್ದು ತಿಳಿದು ತಾನೇ ಹುಡುಕಿಕೊಂಡು ಬಂದು, ನೀವೇ ಮುಂದೆ ನಿಂತು ಮಾಡಿಸಿಕೊಡಬೇಕು ಎಂದು ಕೈಮುಗಿದ. ಮೇಡಂ ಒಪ್ಪಿದರು. ಅವರ ತಮ್ಮನ ಹಣ್ಣೆಲ್ಲ ಘಟಕಕ್ಕೇ ಬರತೊಡಗಿತು. ಚಿಕ್ಕಂದಿನಲ್ಲಿ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ ಅವನು, ಅವನ ಹಣ್ಣಿಗೆ ಒಂದು ದಾರಿಯಾಯಿತೆಂದು ಅವರಿಗೆ ಹಿಗ್ಗೋ ಹಿಗ್ಗು.

ಮೊದಲ ವೈನು ತಯಾರಾಯಿತು. ಪೂರ್ತಿ ಡ್ರೈ, ಕನ್ನಡಿಯಂತೆ ತಿಳಿ. ಭಾವ ಒಂದು ಗುಟುಕು ಕುಡಿದು ಮೇಡಂ ಎದುರು "ಚೆನ್ನಾಗಿದೆ ಮೇಡಂ" ಎಂದ. ನನ್ನನ್ನು ಪಕ್ಕಕ್ಕೆ ಕರೆದು, "ಎಂತ ತಂಗಿ ಇದು, ಸಿಹಿನೇ ಇಲ್ಲೆ. ನಮ್ಮ ಜನಕ್ಕೆ ಇದು ಸೇರ್ತಿಲ್ಲೆ," ಎಂದ. ಅದೇನು ತಪ್ಪಲ್ಲ, ಅವನ ನಾಲಿಗೆ ಅವನದು. ಮಾರುಕಟ್ಟೆಗೆ ಸಿಹಿ ಬೇಕೆಂದು ಅವನು ಕೇಳಿದಾಗ ಮೇಡಂ ಇಲ್ಲ ಎನ್ನಲೂ ಇಲ್ಲ. "ಮಾಡೋಣ್ರಿ. ಆದ್ರ ಯೀಸ್ಟ್ ಪೂರ್ತಿ ಸೋಸೋ ಫಿಲ್ಟರ್ ಬೇಕು. ವೈನು ತಿಳಿ ಕಾಣಸ್ತೈತಿ, ಆದ್ರ ಒಳಗ ಯೀಸ್ಟ್ ಇನ್ನಾ ಮಲಗೈತಿ. ಫಿಲ್ಟರ್ ಬರೂಮಟ ಸಕ್ಕರಿ ಮುಟ್ಟಬ್ಯಾಡ್ರಿ," ಎಂದರು. ಅವರು ಹಾಗೆ ಹೇಳಿದಾಗ ನಾನು ಅಲ್ಲೇ ಇದ್ದೆ. ಭಾವ "ಆಯ್ತು ಮೇಡಂ" ಎಂದ.

ಆ ಹೊತ್ತಿಗೆ ಮೇಡಂ ಕಣ್ಣಿನ ಪೊರೆ ತೆಗೆಸಲು ಹುಬ್ಬಳ್ಳಿಗೆ ಹೋದರು. ಹಿಂದಿರುಗಿದ ಮೇಲೆ ಕೆಲ ದಿನ ಬಿಸಿಲಿಗೆ, ಧೂಳಿಗೆ ಹೋಗಬಾರದೆಂದು ಡಾಕ್ಟರು ಹೇಳಿದ್ದರಿಂದ ಮನೆಯಲ್ಲೇ ಇದ್ದರು. ಇತ್ತ ಶಿರಸಿಯಲ್ಲಿ ಹಣ್ಣಿನ ಮೇಳ ಹತ್ತಿರವಾಗಿತ್ತು, ಸಿದ್ದಾಪುರ ಯಲ್ಲಾಪುರದ ಅಂಗಡಿಯವರೂ ಕೇಳತೊಡಗಿದ್ದರು. ಭಾವ ಫಿಲ್ಟರಿಗೆ ಕಾಯಲಿಲ್ಲ. ವೈನಿನ ಡ್ರಮ್ಮುಗಳಿಗೆ ಸಕ್ಕರೆ ಸುರಿದು, ಕಲಕಿ, ಬಾಟಲಿಗೆ ತುಂಬಿಸಿ, ಬಿಗಿಯಾಗಿ ಮುಚ್ಚಿ ತಗಡಿನ ಮಾಡಿನ ಕೆಳಗೆ ಪೇರಿಸಿದ. ಬೇಸಿಗೆ ಬೇರೆ.

ಒಂದು ಮಧ್ಯಾಹ್ನ ಬಾಟಲಿಗಳು ಒಂದರ ಹಿಂದೆ ಒಂದು ಒಡೆದವು. ಪೆಟ್ಟಿಗೆಗೆ ತುಂಬುತ್ತಿದ್ದ ಕೆಲಸದ ಹೆಂಗಸಿನ ಬಲ ಅಂಗೈ ಸೀಳಿಹೋಯಿತು. ಆಕೆಗೆ ಇವತ್ತಿಗೂ ಎರಡು ಬೆರಳು ಮಡಚಲು ಬರುವುದಿಲ್ಲ. ಸುದ್ದಿ ಬಂದ ಕೂಡಲೇ ಮೇಡಂ ಕಪ್ಪು ಕನ್ನಡಕ ಹಾಕಿಕೊಂಡೇ ಆಟೋ ಹತ್ತಿದರು, ನಾನು ಜೊತೆಗೆ ಹೋದೆ. ಒಡೆಯದೆ ಉಳಿದ ಒಂದು ಬಾಟಲಿಯನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ಬಿಚ್ಚಿದರು. ನೊರೆ ಸೀರೆಯ ಮೇಲೆಲ್ಲ ಚಿಮ್ಮಿತು. ಉಳಿದದ್ದನ್ನು ಬಾಯಿಗೆ ಹಾಕಿ, ಉಗಿದು, "ಸಕ್ಕರಿ. ಯಾರ್ ಹಾಕೀರಿ?" ಎಂದರು.

"ಕೆಡಬಾರ್ದು ಅಂತ ಹಾಕ್ದೆ ಮೇಡಂ," ಎಂದ ಭಾವ. "ಸಿರಪ್ಪಿಗೆ ಹಾಕ್ತೆವಲ, ಹಾಂಗೇ."

"ಸಿರಪ್ಪಿನೊಳಗ ಸಕ್ಕರಿ ಅಷ್ಟು ದಟ್ಟ ಇರತೈತ್ರಿ, ಅದ್ರಾಗ ಯಾವ ಜೀವಾನೂ ಬದುಕಂಗಿಲ್ಲ. ಅಲ್ಲಿ ಅದು ಕಾವಲುಗಾರ. ಇದ್ರಾಗ ನೀವು ಹಾಕಿದ್ದು ಊಟ. ಮಲಗಿದ್ದ ಯೀಸ್ಟನ್ನ ಎಬ್ಬಿಸಿ ಊಟಕ್ಕ ಬಡಿಸೀರಿ, ಮ್ಯಾಲೆ ಬಾಗಲಾ ಹಾಕೀರಿ. ಗಾಳಿ ಎಲ್ಲಿ ಹೋಗಬೇಕು?" ಮೇಡಂ ಧ್ವನಿ ಎತ್ತಲಿಲ್ಲ. ಅವರು ಧ್ವನಿ ಎತ್ತದೆ ಬೈದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಇಷ್ಟಕ್ಕೆ ನಿಂತಿದ್ದರೆ ಇದು ತಿಳಿಯದೆ ಆದ ತಪ್ಪು ಎಂದು ನಾನೂ ಬಿಡುತ್ತಿದ್ದೆ. ಅಧಿಕಾರಿಗಳು ವಿಚಾರಣೆಗೆ ಬಂದಾಗ ಭಾವ, ತಾಂತ್ರಿಕ ವಿಷಯವೆಲ್ಲ ಮೇಡಂದೇ, ನಮಗೇನು ತಿಳಿಯುತ್ತದೆ ಎಂದ. ಊರಿನಲ್ಲಿ ಕೇಳಿದವರಿಗೆಲ್ಲ ಮೇಡಂ ಫಾರ್ಮುಲಾ ತಪ್ಪಿತು ಎಂದ. ತಪ್ಪು ಅಲ್ಲಿ ಮುಗಿಯಿತು, ಸುಳ್ಳು ಅಲ್ಲಿ ಶುರುವಾಯಿತು. ಮೇಡಂ ನೇರವಾಗಿ ಹೋಗಿ ಎಲ್ಲರೆದುರು ಪರೀಕ್ಷೆ ಮಾಡಿ ತೋರಿಸುತ್ತೇನೆ, ಬನ್ನಿ ಎಂದು ಕರೆದರು. ಯಾರೂ ಬರಲಿಲ್ಲ. ನಾನು ಕೇಳಿದ್ದನ್ನು ಹೇಳಿದರೆ ಗೆಳತಿಯ ಮಾತು ಎಂದು ನಕ್ಕರು. ಹೆಂಗಸು, ಒಂಟಿ, ಬಾಯಿ ಬಿರುಸು, ಮನೆ ತುಂಬ ಜಾಡಿ. ಅವರ ಮಾತು ಕೇಳಲು ಯಾರಿಗೆ ಪುರುಸೊತ್ತಿತ್ತು?

ಊರು ಏನೆಂದರೂ ಅವರಿಗೆ ಲೆಕ್ಕವಿರಲಿಲ್ಲ. ಅವರಿಗೆ ತಟ್ಟಿದ್ದು ತಮ್ಮನ ಮೌನ. ಅವರ ಕಡೆ ನಾಗರ ಪಂಚಮಿಗೆ ತವರಿನವರು ಬಂದು ಹೆಣ್ಣುಮಕ್ಕಳನ್ನು ಕರೆದೊಯ್ಯುತ್ತಾರೆ. ತಂದೆ ತಾಯಿ ಹೋದ ಮೇಲೂ ತಮ್ಮ ತಪ್ಪದೆ ಬರುತ್ತಿದ್ದ. ಮದುವೆಯಾಗದ ಅಕ್ಕನಿಗೆ ತವರು ಎಂದರೆ ಅವನೇ. ಆ ವರ್ಷ ಅವನು ಬರಲಿಲ್ಲ. ಫೋನು ಮಾಡಿದರೆ ಹೊಲದಲ್ಲಿದ್ದೇನೆ, ಆಮೇಲೆ ಮಾಡುತ್ತೇನೆ ಎನ್ನುತ್ತಿದ್ದ, ಮಾಡುತ್ತಿರಲಿಲ್ಲ. ಮುಂದಿನ ಪಂಚಮಿಗೂ ಬರಲಿಲ್ಲ. ಮೇಡಂ ಸೀರೆ ಉಟ್ಟು, ಎಳ್ಳುಂಡಿ ಕಟ್ಟಿ, ಸಂಜೆಯವರೆಗೆ ಜಗುಲಿಯಲ್ಲಿ ಪತ್ರಿಕೆ ಹಿಡಿದು ಕುಳಿತಿದ್ದರು. ಬಸ್ಸಿನ ಸದ್ದಾದಾಗೆಲ್ಲ ಪುಟ ತಿರುವುತ್ತಿದ್ದರು.

"ನನ್ನ ಕೈಯಿಂದ ಒಬ್ಬಾಕಿ ರಕ್ತ ಹರೀತು ಅಂತ ತಿಳ್ಕೊಂಡಾನ," ಎಂದರು, ಉಂಡಿಯ ಡಬ್ಬಿ ನನ್ನ ಕೈಗೆ ಕೊಡುತ್ತ.

ನಾನು ಬನವಾಸಿಗೆ ಹೋಗಿ ಹೇಳಿಬರುತ್ತೇನೆ ಎಂದೆ. ಒಂದಲ್ಲ, ಹತ್ತು ಸಲ ಹೇಳಿದೆ. ಅವರು ಬಿಡಲಿಲ್ಲ. "ನೀವು ಹೇಳಿದ್ರ ಗೆಳತಿ ಪರವಾಗಿ ಹೇಳ್ಯಾಳ ಅಂತಾನ. ಯಾರು ಹಾಕ್ಯಾರ, ಅವರ ಬಾಯಿಂದ ಬರಬೇಕು," ಎಂದರು. ಪ್ರಯೋಗ ಮಾಡಿದವನೇ ಫಲಿತಾಂಶ ಬರೆಯಬೇಕೆಂಬ ಅವರ ಹಟ ಅಲ್ಲಿಯೂ ಬಿಡಲಿಲ್ಲ. ಆ ಹಟದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮುಂದೆ ಒಂದು ದಿನ ಭಾವ ನಮ್ಮ ಮನೆಗೆ ಬಂದಿದ್ದಾಗ ಅವರು ಬೇಲಿ ದಾಟಿ ಬಂದರು. ಯಾರ ಎದುರಿಗೂ ತಲೆ ತಗ್ಗಿಸದ ಆ ಹೆಂಗಸು ಅವನ ಎದುರು ನಿಂತು ಕೇಳಿಕೊಂಡರು. "ನಿಮ್ಮ ಕೆಲಸ ಬ್ಯಾಡ್ರಿ. ಮಾಫಿನೂ ಬ್ಯಾಡ. ಊರಿಗೆ ಹೇಳೋದೂ ಬ್ಯಾಡ. ನಮ್ಮ ತಮ್ಮಗ ಒಂದ್ ಮಾತ ಹೇಳ್ರಿ, ಸಕ್ಕರಿ ನಿಮ್ಮಕ್ಕ ಹಾಕಿಲ್ಲಪಾ ಅಂತ. ಅಷ್ಟ ಸಾಕು."

"ಹೇಳ್ತೇನೆ ಮೇಡಂ. ಖಂಡಿತ ಹೇಳ್ತೇನೆ," ಎಂದ ಭಾವ.

ಕೆಲವು ತಿಂಗಳ ಮೇಲೆ ನಾನು ಅವನ ಮನೆಗೇ ಹೋದೆ. ಅವನು ಎಂದಿನಂತೆ "ಬಾ ತಂಗಿ, ಆಸರಿಗೆ ಎಂತ ಕುಡಿತೆ?" ಎಂದು ಕೇಳಿದ. ನನಗೆ ತಲೆ ಬಿಸಿಯಾಯಿತು.

"ಯಂಗೆ ಎಂತೂ ಬ್ಯಾಡ ಭಾವ. ನಿಂಗ ಮೇಡಂ ತಮ್ಮಂಗೆ ಹೇಳಿದ್ರಾ, ಇಲ್ಯಾ?"

"ಹೇಳನ ತಂಗಿ. ಅದಕ್ಕೂ ಹೊತ್ತು ಬರವು. ಈಗ ಹೇಳಿ ಎಂತ ಆಗ್ತು ಹೇಳು? ಎಲ್ಲ ಮುಗದ್ದು, ಜನ ಮರ್ತಿದ್ದ."

"ಮೇಡಂ ಮರ್ತಿದ್ದಿಲ್ಲೆ," ಎಂದೆ. ಅವನು ಒಳಗೆ ತಿರುಗಿ ಮುರುಗಲು ಪಾನಕ ತರಲು ಹೇಳಿದ. ನಾನು ಲೋಟ ಮುಟ್ಟದೆ ಎದ್ದು ಬಂದೆ. ಆ ಮನೆಗೆ ಮತ್ತೆ ಹೋಗಿಲ್ಲ, ನೆಂಟರ ಬಾಯಲ್ಲಿ ನಾನೇ ಕೆಟ್ಟವಳಾದೆ.

ಈ ಚಳಿಗಾಲದಲ್ಲಿ ಮೇಡಂಗೆ ಎದೆನೋವು ಬಂತು. ಆಸ್ಪತ್ರೆಗೆ ಸೇರಿಸಿದ ದಿನವೇ ಹೋದರು. ತಮ್ಮ ಓಡೋಡಿ ಬಂದ, ಅಕ್ಕನ ಕಾಲು ಹಿಡಿದು ಅತ್ತ, ಊರಿಗೆ ಒಯ್ದು ಹೊಲದ ಅಂಚಿನಲ್ಲಿ ಮಣ್ಣು ಮಾಡಿದ. ಅಂದು ಆ ಗದ್ದಲದಲ್ಲಿ ಅವನಿಗೆ ಏನೂ ಹೇಳಲು ನನಗಾಗಲಿಲ್ಲ. ಹೇಳುವ ಹಕ್ಕು ಈಗ ನನಗೆ ಬಂದಿದೆ, ತಡೆಯುವವರು ಇಲ್ಲ ಎಂದು ಮಾತ್ರ ಅಂದುಕೊಂಡೆ.

ಹಾಗೆಂದೇ ಶ್ರದ್ಧಾಂಜಲಿ ಸಭೆಗೆ ಹೋದದ್ದು. ಅದರ ಖರ್ಚು ಭಾವನದು. ಕೊನೆಗೆ ಅವನೇ ಮಾತಾಡಿದ. ಮೇಡಂ ನನ್ನ ಗುರು ಎಂದ, ಕಣ್ಣೊರೆಸಿಕೊಂಡ. ಘಟಕಕ್ಕೆ ಈಗ ಹೊಸ ಫಿಲ್ಟರ್ ಯಂತ್ರ ಬಂದಿದೆಯೆಂದು ಹೇಳಿದ. ಅಂದು ಮೇಡಂ ಕೇಳಿದ್ದ ಅದೇ ಫಿಲ್ಟರು. ಮೇಜಿನ ಮೇಲಿನ ರೇಷ್ಮೆ ಬಟ್ಟೆ ಸರಿಸಿದ. ಕೆಳಗೆ ಒಂದು ಬಾಟಲಿ, ಅದರ ಮೇಲೆ ಮೇಡಂ ಫೋಟೋ, ಮೇಡಂ ಹೆಸರು. ಅವರ ನೆನಪಿಗಾಗಿ ಅನಾನಸಿನ ಸ್ವೀಟ್ ವೈನು, ಇನ್ನೆರಡು ತಿಂಗಳಲ್ಲಿ ಮಾರುಕಟ್ಟೆಗೆ ಬರುತ್ತದೆಯಂತೆ. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ವೇದಿಕೆಯತ್ತ ನಡೆದೆ. ಮೈಕಿನ ಹತ್ತಿರ ನಿಂತಿದ್ದ, ಮೇಡಂ ಕೈಯಲ್ಲೇ ಕಲಿತ ಹಳೆಯ ವಿದ್ಯಾರ್ಥಿ, "ಅಕ್ಕೋರೆ, ಮಾತಾಡುವವರ ಪಟ್ಟಿ ಮುಗೀತು, ವಂದನಾರ್ಪಣೆ ಒಂದೇ ಬಾಕಿ," ಎಂದು ಮೈಕನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ.

ನಾನು ಹೊರಗೆ ಬಂದೆ. ಜಗುಲಿಯ ಕಂಬಕ್ಕೆ ಒರಗಿ ಮೇಡಂ ಅವರ ತಮ್ಮ ಒಬ್ಬನೇ ನಿಂತಿದ್ದ. ಬಿಳಿ ಅಂಗಿ, ಕೈಯಲ್ಲಿ ಟೊಪ್ಪಿಗೆ. ನಾನು ಯಾರೆಂದು ಅವನಿಗೆ ಗೊತ್ತಿತ್ತು. ಪೀಠಿಕೆ ಹಾಕದೆ ಹೇಳಿದೆ. "ತಮ್ಮಾ, ಅವತ್ತು ಬಾಟಲಿ ಒಡೆದದ್ದು ಸಕ್ಕರೆಯಿಂದ. ಆ ಸಕ್ಕರೆ ನಿಮ್ಮ ಅಕ್ಕ ಹಾಕಿದ್ದಲ್ಲ. ನಿನಗೆ ಇಷ್ಟು ತಿಳಿಯಲಿ ಅಂತ ಅವರು ಸಾಯುವವರೆಗೂ ಕಾದರು."

ಅವನು ಟೊಪ್ಪಿಗೆಯನ್ನು ತಿರುವುತ್ತ ನಿಂತ.

"ಗೊತ್ತೈತ್ರಿ ಅಕ್ಕಾರ," ಎಂದ. "ಆ ಸಕ್ಕರಿ ಚೀಲ ನನ್ನ ಗಾಡ್ಯಾಗೇ ಬಂದಿದ್ವು. ಹಣ್ಣು ತರೋವಾಗ ಹಾವೇರಿಯಿಂದ ಸಕ್ಕರಿನೂ ಹಾಕ್ಕೊಂಡ್ ಬಾ ಅಂತ ಯಜಮಾನ್ರು ಫೋನ್ ಮಾಡಿದ್ರು. ಡ್ರಮ್ಮಿನ ಹತ್ರ ನಾನೇ ಇಳಿಸೀನಿ. ಸುರಿಯೋದೂ ನೋಡೀನಿ. ಅಕ್ಕ ಅವತ್ತು ಹುಬ್ಬಳ್ಳ್ಯಾಗಿದ್ಲು."

ಒಳಗೆ ವಂದನಾರ್ಪಣೆ ನಡೆಯುತ್ತಿತ್ತು. ಅವನು ತಪ್ಪು ತಿಳಿದಿದ್ದಾನೆಂದು ಅವರು ಕೊರಗಿದರು. ಅವನು ಎಲ್ಲವನ್ನೂ ಸರಿಯಾಗಿಯೇ ತಿಳಿದಿದ್ದ, ಅದಕ್ಕೇ ಅಕ್ಕನಿಗೆ ಮುಖ ತೋರಿಸಲಿಲ್ಲ.

"ಅಕ್ಕನಿಗೆ ಒಂದು ಮಾತು ಹೇಳಬಾರದಿತ್ತೇನೋ?" ಎಂದೆ.

"ಹೇಳಿದ್ರ ಸುಮ್ಮನಿರತಿದ್ಲೇನ್ರಿ ಅಕಿ? ನನ್ನ ಕೈ ಹಿಡದು ಎಳ್ಕೊಂಡು ಊರೆಲ್ಲಾ ಸಾಕ್ಷಿ ಹೇಳಸ್ತಿದ್ಲು."

"ಈಗ ಹೇಳು. ಮೈಕು ಒಳಗೇ ಇದೆ. ನಿನ್ನನ್ನು ಯಾರೂ ತಡೆಯುವುದಿಲ್ಲ, ನೀನು ತಮ್ಮ."

ಅವನು ಬಾಗಿಲಿನೊಳಗೆ ಇಣುಕಿದ. ಮೊದಲ ಸಾಲಿನಲ್ಲಿ ಭಾವ ಬಾಟಲಿಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದ. ತಮ್ಮನು ಹಿಂದೆ ಸರಿದು ಟೊಪ್ಪಿಗೆ ಹಾಕಿಕೊಂಡ.

"ಈ ವರ್ಷದ ಹಣ್ಣು ಇನ್ನಾ ಹೊಲದಾಗ ಐತ್ರಿ ಅಕ್ಕಾರ," ಎಂದ. "ತಗೊಳ್ಳಾವ್ರು ಅವರೊಬ್ಬರೇ."

ಹೀಗೆ ಹೇಳಬೇಕಾಗಿದ್ದ ಇಬ್ಬರೂ ಹೇಳಲಿಲ್ಲ, ಹೇಳುವುದೂ ಇಲ್ಲ. ಬರುವ ತಿಂಗಳು ಅವರ ಮುಖ ಅಂಟಿಸಿಕೊಂಡು ಆ ಬಾಟಲಿ ಶಿರಸಿಯ ಅಂಗಡಿಗಳಲ್ಲಿ ಕೂರುತ್ತದೆ. ಕೊಳ್ಳುವವರು ಕೊಳ್ಳಲಿ. ಸಕ್ಕರೆ ಮೇಡಂ ಹಾಕಲಿಲ್ಲ. ಅವರು ಬೇಡ ಎಂದಿದ್ದರು, ನಾನು ಅಲ್ಲೇ ನಿಂತು ಕೇಳಿದ್ದೇನೆ.